ಕಿವಿಯಲ್ಲಿ ಗುಂಯ್ ಅನ್ನುವ ಸದ್ದು: ಮೊದಲು ಏನು ಮಾಡಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು

ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಿತು ಅಂದುಕೊಳ್ಳಿ. ಅಲ್ಲಿಯವರೆಗೆ ಗಮನಕ್ಕೇ ಬಾರದಿದ್ದ ಕಿವಿಯೊಳಗಿನ ಸದ್ದು ಒಮ್ಮೆಲೇ ಜೋರಾಗಿ ಕೇಳತೊಡಗುತ್ತದೆ. ಕರೆಂಟ್ ಬಂದು ಫ್ಯಾನ್ ತಿರುಗಿದ ಕೂಡಲೇ ಅರ್ಧ ಮಾಯ. ನಿಜ ಹೇಳಬೇಕೆಂದರೆ ಕಿವಿಯ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಸುತ್ತಲಿನ ಸದ್ದು ಬದಲಾಯಿತು, ಅಷ್ಟೆ. ಟಿನ್ನಿಟಸ್ ಇರುವವರಿಗೆಲ್ಲ ಇದು ಗೊತ್ತಿರುವ ಅನುಭವವೇ. ಮುಂದೆ ಹೇಳುವ ಉಪಾಯಗಳಲ್ಲಿ ಬಹುಪಾಲು ನಿಂತಿರುವುದು ಈ ಒಂದು ವಿಷಯದ ಮೇಲೆ.

ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲೋ ತಲೆಯೊಳಗೋ ಸದ್ದು ಕೇಳಿಸುವುದೇ ಟಿನ್ನಿಟಸ್. ಒಬ್ಬರಿಗೆ ಜೀರುಂಡೆ, ಇನ್ನೊಬ್ಬರಿಗೆ ಕುಕ್ಕರ್ ವಿಷಲ್ ಹೊಡೆಯುವ ಮುಂಚಿನ ಉಸ್ ಸದ್ದು, ಮತ್ತೊಬ್ಬರಿಗೆ ಹಳೇ ಟ್ಯೂಬ್‌ಲೈಟಿನ ಗುಂಯ್. ಇದು ಭ್ರಮೆಯಲ್ಲ, ಹುಚ್ಚಿನ ಲಕ್ಷಣವೂ ಅಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು ಕಿವಿ ಚೆನ್ನಾಗಿ ಕೇಳಿಸುವ 80 ಜನರನ್ನು ಸದ್ದೇ ಒಳಬರದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸಿತು ಅಂತ ಕೇಳಿದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತು ಅಂದರು. ಅಂದರೆ ಒಳಗಿನ ಸದ್ದು ಬಹುತೇಕ ಎಲ್ಲರಲ್ಲೂ ಇದೆ. ಅದು ಯಾವಾಗ ಮುಂದೆ ಬಂದು ಕಾಡುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಹೆಚ್ಚಿನವರಲ್ಲಿ ಕಾರಣ ಹೀಗೆ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಾಕಾರದ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ರೋಮಕೋಶಗಳು. ಸದ್ದನ್ನು ನರದ ಸಂಕೇತವಾಗಿ ಬದಲಾಯಿಸುವುದು ಇವೇ. ವಯಸ್ಸಿನಿಂದಲೋ, ಜೋರು ಸದ್ದಿನಿಂದಲೋ, ಕೆಲವು ಔಷಧಿಗಳಿಂದಲೋ ಇವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ಸುಮ್ಮನೆ ಕೂರುವುದಿಲ್ಲ, ತನ್ನ ಕಡೆಯಿಂದ ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಹಾಡಿಗಿಂತ ಕೊರಕೊರ ಸದ್ದೇ ಜಾಸ್ತಿಯಾಗುತ್ತದಲ್ಲ, ಹಾಗೆ.

ಹಾಗಾಗಿ ಈ ಸದ್ದನ್ನು ಸ್ವಿಚ್ ಒತ್ತಿ ಆರಿಸುವ ಮಾತ್ರೆ ಇವತ್ತಿನವರೆಗೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಸದ್ದು ಇರುವುದು ಬೇರೆ, ಅದು ಕಾಡುವುದು ಬೇರೆ. ಟಿನ್ನಿಟಸ್ಸಿನ ಜೋರನ್ನು ಯಂತ್ರದಲ್ಲಿ ಹೋಲಿಸಿ ಅಳೆದರೆ, ಸಾಮಾನ್ಯವಾಗಿ ಅದು ಆ ವ್ಯಕ್ತಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಹೆಚ್ಚೆಂದರೆ 10 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಮೇಲಿರುತ್ತದೆ. ಪಿಸುಮಾತಿಗಿಂತ ಮೆಲ್ಲಗಿನ ಸದ್ದದು. ಒಬ್ಬರು ಅಷ್ಟೇ ಸದ್ದಿಟ್ಟುಕೊಂಡು ಗೊರಕೆ ಹೊಡೆಯುತ್ತಾರೆ, ಇನ್ನೊಬ್ಬರಿಗೆ ರಾತ್ರಿಯಿಡೀ ಜಾಗರಣೆ. ಈ ವ್ಯತ್ಯಾಸ ಕಿವಿಯಲ್ಲಿಲ್ಲ, ಮೆದುಳು ಅದಕ್ಕೆ ಕೊಡುವ ಮಹತ್ವದಲ್ಲಿದೆ. ನಾವು ಕೈ ಹಾಕಬಹುದಾದ ಜಾಗವೂ ಅದೇ.

ಮೊದಲ ಹೆಜ್ಜೆ: ಕಾಯಬಾರದ ಲಕ್ಷಣಗಳಿವೆಯೇ ನೋಡಿ

ಟಿನ್ನಿಟಸ್ಸಿನಲ್ಲಿ ಅವಸರ ಬೇಕಾದ ಸಂದರ್ಭಗಳು ಕಡಿಮೆ. ಆದರೆ ಇದ್ದಾಗ ನಿಜವಾಗಿಯೂ ಅವಸರವೇ.

ಎಲ್ಲಕ್ಕಿಂತ ಮುಖ್ಯವಾದದ್ದು ದಿಢೀರ್ ಕಿವುಡು. ಬೆಳಿಗ್ಗೆ ಎದ್ದಾಗ ಒಂದು ಕಿವಿ ಮುಚ್ಚಿಕೊಂಡ ಹಾಗಿದೆ, ಜೊತೆಗೆ ಗುಂಯ್ ಸದ್ದು, ಫೋನನ್ನು ಆ ಕಿವಿಗೆ ಹಿಡಿದರೆ ಮಾತು ಕೇಳಿಸುವುದಿಲ್ಲ. ಹೆಚ್ಚಿನವರು ನೆಗಡಿ ಇರಬೇಕು, ಗುಗ್ಗೆ ತುಂಬಿರಬೇಕು ಅಂತ ವಾರಗಟ್ಟಲೆ ಬಿಡುತ್ತಾರೆ. ಹಾಗೆ ಮಾಡಬೇಡಿ. ಕೆಲವು ಗಂಟೆಗಳಲ್ಲೋ ಮೂರು ದಿನದೊಳಗೋ ಕೇಳಿಸುವುದು ಕುಸಿದಿದ್ದರೆ ಅದೇ ದಿನ ಕಿವಿ ಮೂಗು ಗಂಟಲು ಡಾಕ್ಟರನ್ನು ನೋಡಿ. ಒಳಕಿವಿಯ ತೊಂದರೆ ಅಂತ ಖಚಿತವಾದರೆ ಸ್ಟೆರಾಯ್ಡ್ ಕೊಡುತ್ತಾರೆ. ಅದು ಮೊದಲ ಎರಡು ವಾರದೊಳಗೆ ಶುರುವಾದರೆ ಕೇಳಿಸುವಿಕೆ ಮರಳುವ ಅವಕಾಶ ಜಾಸ್ತಿ. ಆಮೇಲೆ ಹೋದರೆ ಡಾಕ್ಟರ್ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಎರಡನೆಯದು ನಾಡಿಯ ಜೊತೆ ಬಡಿಯುವ ಸದ್ದು. ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಕಿವಿಯ ಸದ್ದು ಅದೇ ತಾಳದಲ್ಲಿ ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಇದರ ಹಿಂದೆ ರಕ್ತನಾಳದ ತೊಂದರೆ, ರಕ್ತಹೀನತೆ, ಥೈರಾಯ್ಡ್ ಇರಬಹುದು. ಸ್ಕ್ಯಾನ್ ಬೇಕಾಗಬಹುದು. ಇಂಥ ಸದ್ದು ಕೆಲವೊಮ್ಮೆ ಡಾಕ್ಟರ ಸ್ಟೆತಾಸ್ಕೋಪಿಗೂ ಕೇಳಿಸುತ್ತದೆ.

ಒಂದೇ ಕಿವಿಯಲ್ಲಿ ಸದ್ದಿದ್ದು, ಅದೇ ಕಿವಿ ನಿಧಾನವಾಗಿ ಮಂದವಾಗುತ್ತಿದ್ದರೆ ಕಿವಿಯ ನರದ ಮೇಲೆ ಗಡ್ಡೆ ಏನಾದರೂ ಇದೆಯೇ ಅಂತ ಎಂಆರ್‌ಐ ಮಾಡಿಸುತ್ತಾರೆ. ಗಾಬರಿ ಬೇಡ. ಅದು ಅಪರೂಪ, ಇದ್ದರೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ತಲೆ ಗಿರ್ರನೆ ತಿರುಗುವುದು, ಮುಖದ ಒಂದು ಪಕ್ಕ ಸೊಟ್ಟಗಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ಸದ್ದು, ಕಿವಿ ಸೋರುವುದು ಇವೆಲ್ಲಕ್ಕೂ ಮನೆಮದ್ದಿನ ಪ್ರಯೋಗ ಬೇಡ.

ಇನ್ನೊಂದು ಮಾತು. ಸದ್ದಿನ ಕಾಟಕ್ಕೆ ಬದುಕೇ ಬೇಡ ಅನ್ನಿಸುತ್ತಿದ್ದರೆ ಅದೂ ಇಷ್ಟೇ ತುರ್ತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡನೆಯದು: ಕಿವಿಯನ್ನು ಸರಿಯಾಗಿ ಪರೀಕ್ಷೆ ಮಾಡಿಸಿ

ಮೊದಲು ಗುಗ್ಗೆ. ಕೇಳಲು ಸಣ್ಣ ವಿಷಯ, ಆದರೆ ಕಿವಿ ತಮಟೆಗೆ ಅಂಟಿಕೊಂಡ ಗಟ್ಟಿ ಗುಗ್ಗೆಯೊಂದೇ ಸಾಕು ಗುಂಯ್ ಅನ್ನಿಸಲು. ಡಾಕ್ಟರ್ ಅದನ್ನು ಹೀರಿಯೋ ನೀರು ಹಾಯಿಸಿಯೋ ತೆಗೆಯುತ್ತಾರೆ. ಹೇರ್‌ಪಿನ್, ಬೆಂಕಿಕಡ್ಡಿ, ಸ್ಕೂಟರ್ ಕೀ, ಹತ್ತಿ ಕಡ್ಡಿ ಹಾಕಿ ಕೆದಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಕ್ಲೀನ್ ಮಾಡುವವರ ಕೈಗಂತೂ ಕೊಡಲೇಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಸದ್ದು ಯಾವಾಗ ಶುರುವಾಯಿತು, ಒಂದು ಕಿವಿಯೋ ಎರಡೋ, ಸದಾ ಇದೆಯೋ ಬಂದುಹೋಗುತ್ತದೋ, ಕೆಲಸದಲ್ಲಿ ಸದ್ದು ಎಷ್ಟು, ನೀವು ನುಂಗುವ ಮಾತ್ರೆಗಳು ಯಾವುವು. ಮಾತ್ರೆಯ ವಿಷಯ ಮುಖ್ಯ. ಜಾಸ್ತಿ ಡೋಸಿನ ಆಸ್ಪಿರಿನ್, ಅಮಿಕಾಸಿನ್, ಜೆಂಟಾಮೈಸಿನ್‌ನಂಥ ಇಂಜೆಕ್ಷನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಇವೆಲ್ಲ ಕಿವಿಗೆ ತೊಂದರೆ ಕೊಡಬಲ್ಲವು. ಹಾಗಂತ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಅವರು ಡೋಸ್ ಕಡಿಮೆ ಮಾಡಬಹುದು, ಬೇರೆ ಔಷಧಿ ಕೊಡಬಹುದು.

ಆಮೇಲೆ ಆಡಿಯೋಮೆಟ್ರಿ, ಅಂದರೆ ಕೇಳಿಸುವಿಕೆಯ ಪರೀಕ್ಷೆ. ನನ್ನ ಪ್ರಕಾರ ಟಿನ್ನಿಟಸ್ಸಿಗೆ ಖರ್ಚು ಮಾಡುವ ಮೊದಲ ದುಡ್ಡು ಇದಕ್ಕೇ ಹೋಗಬೇಕು. ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ, ಕೈಗೊಂದು ಬಟನ್ ಕೊಡುತ್ತಾರೆ. ಪೀಂ ಅಂತ ಸಣ್ಣಗೆ ಕೇಳಿಸಿದಾಗಲೆಲ್ಲ ಒತ್ತಬೇಕು. ಟಿನ್ನಿಟಸ್ ಇರುವವರಿಗೆ ಇಲ್ಲೊಂದು ಪೇಚಾಟ. ಕೇಳಿಸುತ್ತಿರುವುದು ಯಂತ್ರದ ಸದ್ದೋ ನನ್ನ ಕಿವಿಯದೋ ಅನ್ನುವ ಗೊಂದಲ. ಇದನ್ನು ಪರೀಕ್ಷೆಗೆ ಮುಂಚೆಯೇ ಆಡಿಯಾಲಜಿಸ್ಟ್‌ಗೆ, ಅಂದರೆ ಕೇಳಿಸುವಿಕೆ ಪರೀಕ್ಷಿಸುವ ತಜ್ಞರಿಗೆ, ಹೇಳಿಬಿಡಿ. ಅವರು ಒಂದೇ ಎಳೆಯ ಸದ್ದಿನ ಬದಲು ಬಿಟ್ಟು ಬಿಟ್ಟು ಬರುವ ಸದ್ದು ಹಾಕುತ್ತಾರೆ.

ಕೊನೆಗೆ ಕೈಗೆ ಒಂದು ಚಾರ್ಟ್ ಬರುತ್ತದೆ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಸದ್ದು ದಪ್ಪದಿಂದ ಕೀರಲಾಗುತ್ತಾ ಹೋಗುತ್ತದೆ, 250ರಿಂದ 8000 ಹರ್ಟ್ಸ್‌ವರೆಗೆ. ಗೆರೆ ಮೇಲಿದ್ದಷ್ಟೂ ಒಳ್ಳೆಯದು, ಕೆಳಗಿಳಿದಷ್ಟೂ ಕೇಳಿಸುವುದು ಕಡಿಮೆ. 25 ಡೆಸಿಬಲ್ ಒಳಗಿದ್ದರೆ ಸಾಮಾನ್ಯವಾಗಿ ಸರಿ ಇದೆ ಅನ್ನುತ್ತಾರೆ. ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ವರ್ಷಗಟ್ಟಲೆ ದುಡಿದವರ, ಪೀಣ್ಯದಲ್ಲಿ ಪ್ರೆಸ್ ಮೆಷಿನ್ ಪಕ್ಕ ನಿಂತವರ ಚಾರ್ಟ್ ನೋಡಿದರೆ ಸುಮಾರು 4000 ಹರ್ಟ್ಸ್ ಬಳಿ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದು ಮತ್ತೆ ಏರುವುದುಂಟು. ಜೋರು ಸದ್ದಿನ ಪೆಟ್ಟಿನ ಗುರುತು ಅದು. ಎಷ್ಟೋ ಸಲ ಆ ವ್ಯಕ್ತಿಯ ಕಿವಿಯಲ್ಲಿ ಕೇಳುವ ಸದ್ದೂ ಅದೇ ಆಸುಪಾಸಿನದೇ ಆಗಿರುತ್ತದೆ. ಚಾರ್ಟನ್ನು ಜೋಪಾನವಾಗಿಡಿ, ಮುಂದಿನ ವರ್ಷ ಹೋಲಿಸಲು ಬೇಕು.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳ ಕಿವಿ ಮೂಗು ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಪರೀಕ್ಷೆ, ಆಪ್ತಸಲಹೆ, ಶ್ರವಣ ಸಾಧನ ಎಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯವರಿಗಂತೂ ಹತ್ತಿರದ ದಾರಿ.

ಆಡಿಯಾಲಜಿಸ್ಟ್ ಒಂದು ಪ್ರಶ್ನಾವಳಿಯನ್ನೂ ಕೊಡಬಹುದು. 25 ಪ್ರಶ್ನೆ. ಹೌದು ಅಂದರೆ 4 ಅಂಕ, ಒಮ್ಮೊಮ್ಮೆ ಅಂದರೆ 2, ಇಲ್ಲ ಅಂದರೆ 0. ಒಟ್ಟು 16ರೊಳಗಿದ್ದರೆ ಕಾಟ ಅತ್ಯಲ್ಪ. 58 ಮುಟ್ಟಿದರೆ ತೀವ್ರ. ಗಮನಿಸಿ, ಇದು ಸದ್ದು ಎಷ್ಟು ಜೋರು ಅಂತ ಕೇಳುವುದಿಲ್ಲ. ನಿದ್ದೆ, ಸಿಟ್ಟು, ಕೆಲಸದ ಮೇಲಿನ ಗಮನ, ನಾಲ್ಕು ಜನರ ಜೊತೆ ಬೆರೆಯುವುದು ಇವುಗಳ ಬಗ್ಗೆ ಕೇಳುತ್ತದೆ. ನೀವು ಸುಧಾರಿಸುತ್ತಿದ್ದೀರೋ ಇಲ್ಲವೋ ಅಂತ ನೋಡಲು ಮೂರು ತಿಂಗಳಿಗೊಮ್ಮೆ ಇದನ್ನು ತುಂಬಿ ನೋಡಿ, ಸಾಕು. ದಿನಾ ಬೆಳಿಗ್ಗೆ ಎದ್ದು 'ಇವತ್ತು ಸದ್ದು ಇದೆಯಾ?' ಅಂತ ಕಿವಿಗೊಟ್ಟು ಹುಡುಕಿದರೆ ಖಂಡಿತ ಸಿಗುತ್ತದೆ.

ಮೂರನೆಯದು: ಕೇಳಿಸುವುದು ಕಡಿಮೆಯಿದ್ದರೆ ಶ್ರವಣ ಸಾಧನ

'ವಯಸ್ಸಾಯ್ತು, ಇನ್ನು ಕಿವಿಗೆ ಮಿಷನ್ ಯಾಕೆ?' ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಹೇಳಬೇಕಾದ್ದು: ಮಿಷನ್ ಮಾತು ಕೇಳಿಸಲಿಕ್ಕೆ ಮಾತ್ರ ಅಲ್ಲ. ಹೊರಗಿನ ಸದ್ದು ಮತ್ತೆ ಒಳಗೆ ಬಂದರೆ ಮೆದುಳಿಗೆ ಬೇಕಾದ್ದು ಸಿಗುತ್ತದೆ, ಗುಂಯ್ ಸದ್ದು ಹಿಂದೆ ಸರಿಯುತ್ತದೆ. ಕಿವಿ ಮಂದವಾಗಿರುವ ಎಷ್ಟೋ ಜನರಿಗೆ ಟಿನ್ನಿಟಸ್ಸಿನಲ್ಲಿ ಅತಿ ಹೆಚ್ಚು ನೆಮ್ಮದಿ ಕೊಡುವುದು ಇದೇ.

ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಹೆಚ್ಚು ಬೆಲೆಯದೇ ಬೇಕು ಅಂತಿಲ್ಲ. ನಿಮ್ಮ ಚಾರ್ಟಿಗೆ ತಕ್ಕಂತೆ ಆಡಿಯಾಲಜಿಸ್ಟ್ ಕೂತು ಹೊಂದಿಸಿಕೊಡಬೇಕು, ಅದು ಮುಖ್ಯ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಸದ್ದು ಏರಿಸುವ ಯಂತ್ರಗಳು ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತವೆ. ಅದು ಬೇಡ. ಕೊಳ್ಳುವ ಮುಂಚೆ ಕೆಲವು ದಿನ ಹಾಕಿ ನೋಡಲು ಕೊಡುತ್ತೀರಾ ಅಂತ ಕೇಳಿ. ಆದಾಯ ಕಡಿಮೆ ಇರುವ, ಅಂಗವೈಕಲ್ಯ ಪ್ರಮಾಣಪತ್ರ ಇರುವವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಾಧನ ಸಿಗುತ್ತದೆ.

ತಂದ ಮೇಲೆ ಮದುವೆ ಮನೆಗೆ ಮಾತ್ರ ಹಾಕಿಕೊಂಡು ಹೋಗಿ, ಉಳಿದ ದಿನ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಹಾಕಿ. ಮೊದಲ ಕೆಲವು ವಾರ ಪಾತ್ರೆಯ ಸದ್ದು, ಪೇಪರ್ ಮಡಚುವ ಸದ್ದು ಎಲ್ಲ ಕಿರಿಕಿರಿ ಅನ್ನಿಸುತ್ತದೆ. ಮೆದುಳು ಮತ್ತೆ ಹೊಂದಿಕೊಳ್ಳುತ್ತಿದೆ ಅಂತ ಅರ್ಥ.

ನಾಲ್ಕನೆಯದು: ಮೌನವನ್ನು ಹುಡುಕಬೇಡಿ, ಸಣ್ಣ ಸದ್ದು ಇಟ್ಟುಕೊಳ್ಳಿ

ಸದ್ದಿನಿಂದ ಬೇಸತ್ತವರು ಮೊದಲು ಮಾಡುವುದೇ ಬಾಗಿಲು ಕಿಟಕಿ ಮುಚ್ಚಿ ನಿಶ್ಶಬ್ದವಾಗಿ ಕೂರುವುದು. ಟಿನ್ನಿಟಸ್ಸಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಕರೆಂಟ್ ಹೋದ ಕೋಣೆಯಲ್ಲಿ ಆಗುವುದೂ ಅದೇ ತಾನೇ?

ಮಾಡಬೇಕಾದ್ದು ಹೀಗೆ. ಅರ್ಥವಿಲ್ಲದ, ಒಂದೇ ಸಮನಾದ, ಕಿವಿಗೆ ಹಿತವಾದ ಸದ್ದೊಂದನ್ನು ಆರಿಸಿಕೊಳ್ಳಿ. ಮಳೆ ಸುರಿಯುವ ಸದ್ದು, ಹೊಳೆ ಹರಿಯುವ ಸದ್ದು, ಫ್ಯಾನ್, ಏರ್‌ಕೂಲರ್, ಕಡಲ ಅಲೆ. ಫೋನಿನಲ್ಲಿ ಇಂಥ ಆ್ಯಪ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ಮಲೆನಾಡಿನವರಿಗೆ ಮಳೆಗಾಲದಲ್ಲಿ ಆ್ಯಪೇ ಬೇಡ, ಕಿಟಕಿ ತೆಗೆದರೆ ಸಾಕು. ಇಯರ್‌ಫೋನ್ ಬೇಡ, ಸ್ಪೀಕರಿನಿಂದ ಬರಲಿ. ಪೂರ್ತಿ ಸಣ್ಣದಾಗಿಟ್ಟು ನಿಧಾನಕ್ಕೆ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಹೊರಗಿನ ಸದ್ದೂ ಕಿವಿಯ ಸದ್ದೂ ಒಂದರೊಳಗೊಂದು ಬೆರೆಯಲು ಶುರುವಾಗುತ್ತದೆ. ಅಲ್ಲಿ ನಿಲ್ಲಿಸಿ, ಒಂದು ಕೂದಲಷ್ಟು ಹಿಂದಕ್ಕೆ ತನ್ನಿ. ಎರಡೂ ಕೇಳಿಸುತ್ತಿರಬೇಕು.

ಯಾಕೆ ಪೂರ್ತಿ ಮುಚ್ಚಬಾರದು ಅನ್ನುತ್ತೀರಾ? ಕಿವಿಯ ಸದ್ದು ಕೇಳಿಸದಂತೆ ಮುಚ್ಚಿಬಿಟ್ಟರೆ ಮೆದುಳಿಗೆ ಅದನ್ನು ಅಲಕ್ಷಿಸುವ ಅಭ್ಯಾಸ ಆಗುವುದಿಲ್ಲ. ಮುಚ್ಚಿದ್ದು ತೆಗೆದ ಕೂಡಲೇ ಮತ್ತೆ ಅಲ್ಲೇ ಇರುತ್ತದೆ. ಪಾವೆಲ್ ಜಾಸ್ಟ್ರೆಬಾಫ್ ಎಂಬ ನರವಿಜ್ಞಾನಿ 1990ರ ಹೊತ್ತಿಗೆ ಮುಂದಿಟ್ಟ ವಿಚಾರದ ತಿರುಳು ಇದು. ಅಪಾಯವಲ್ಲದ, ಹೊಸತೇನೂ ಇಲ್ಲದ ಸದ್ದನ್ನು ಮೆದುಳು ತಾನಾಗಿಯೇ ಸೋಸಿ ಬಿಡುತ್ತದೆ. ರೈಲ್ವೆ ಹಳಿ ಪಕ್ಕದ ಮನೆಯವರು ಮಧ್ಯರಾತ್ರಿ ಎಕ್ಸ್‌ಪ್ರೆಸ್ ಹೋದರೂ ಏಳುವುದಿಲ್ಲ, ಅಲ್ವಾ? ಆದರೆ ಇದಕ್ಕೆ ಸಮಯ ಬೇಕು. ವಾರಗಳಲ್ಲ, ತಿಂಗಳುಗಳು.

ಹಾಡು, ರೇಡಿಯೋ ಹರಟೆ ಹಗಲಿಗೆ ಚೆನ್ನ. ರಾತ್ರಿಗೆ ಬೇಡ. ಮಾತು ಕಿವಿಗೆ ಬಿದ್ದರೆ ಮನಸ್ಸು ಅದರ ಹಿಂದೆ ಹೋಗುತ್ತದೆ.

ಇನ್ನೊಂದು ಎಚ್ಚರ. ಸದಾ ಕಿವಿಗೆ ಹತ್ತಿ ತುರುಕಿಕೊಂಡು ತಿರುಗಬೇಡಿ. ಅದರಿಂದ ಕಿವಿಯ ಸೂಕ್ಷ್ಮತೆ ಏರಿ ಸಾಧಾರಣ ಸದ್ದೂ ಚುಚ್ಚತೊಡಗುತ್ತದೆ. ಕಿವಿಗೆ ಹಾಕುವ ಇಯರ್‌ಪ್ಲಗ್ ಬೇಕಾದ್ದು ನಿಜಕ್ಕೂ ಜೋರಾದ ಜಾಗದಲ್ಲಿ ಮಾತ್ರ. ಅದರ ಮಾತು ಮುಂದೆ ಬರುತ್ತದೆ.

ಐದನೆಯದು: ರಾತ್ರಿಯನ್ನು ಗೆಲ್ಲುವುದು

ನಿದ್ದೆ ಕೆಟ್ಟರೆ ಮರುದಿನ ಸದ್ದು ಜಾಸ್ತಿ ಕಾಡುತ್ತದೆ. ಸದ್ದು ಕಾಡಿದರೆ ನಿದ್ದೆ ಕೆಡುತ್ತದೆ. ಈ ಸುಳಿಯನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು.

ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ. ಎಷ್ಟೇ ಕೆಟ್ಟ ರಾತ್ರಿಯಾದರೂ ಒಂದೇ ಹೊತ್ತಿಗೆ ಏಳಿ, ಭಾನುವಾರವೂ ಅಷ್ಟೆ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡಬೇಡಿ. ಎದ್ದು ಹೊರಗಿನ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಏನಾದರೂ ಓದಿ, ಬಟ್ಟೆ ಮಡಚಿ, ಕಣ್ಣು ಎಳೆದಾಗ ವಾಪಸ್ ಬನ್ನಿ. ಗಡಿಯಾರ ನೋಡಬೇಡಿ. ಫೋನಿನಲ್ಲಿ 'ಟಿನ್ನಿಟಸ್ ಗುಣವಾಗುತ್ತಾ' ಅಂತ ರಾತ್ರಿ ಎರಡು ಗಂಟೆಗೆ ಹುಡುಕುವುದಂತೂ ಬೇಡವೇ ಬೇಡ.

ಮಂಚದ ಪಕ್ಕದ ಸದ್ದು ರಾತ್ರಿಯಿಡೀ ಇರಲಿ. ಟೈಮರ್ ಹಾಕಿ ಅರ್ಧ ರಾತ್ರಿಗೆ ನಿಂತರೆ ಅದೇ ಎಚ್ಚರ ಮಾಡಿಸುತ್ತದೆ. ಕರೆಂಟ್ ಕೈಕೊಡುವ ಊರಾದರೆ ಫ್ಯಾನೊಂದನ್ನೇ ನಂಬಬೇಡಿ, ಚಾರ್ಜ್ ಇರುವ ಸಣ್ಣ ಬ್ಲೂಟೂತ್ ಸ್ಪೀಕರ್ ತಯಾರಿರಲಿ. ಜೊತೆಗೆ ಮಲಗುವವರಿಗೆ ತೊಂದರೆಯಾದರೆ ದಿಂಬಿನ ಕೆಳಗಿಡುವ ಚಪ್ಪಟೆ ಸ್ಪೀಕರುಗಳಿವೆ. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ ಅನ್ನುವವರಿದ್ದಾರೆ. ಬರುವುದೇನೋ ಬರುತ್ತದೆ, ಎರಡನೇ ಜಾವಕ್ಕೆ ಎಚ್ಚರವೂ ಆಗುತ್ತದೆ.

ಭ್ರಾಮರಿ ಪ್ರಾಣಾಯಾಮದ ಬಗ್ಗೆ ಬಹಳ ಜನ ಕೇಳುತ್ತಾರೆ. ಉಸಿರು ನಿಧಾನವಾಗಿ ಬಿಡುತ್ತಾ ಮ್ ಅಂತ ಗುನುಗುವುದು. ಟಿನ್ನಿಟಸ್ಸನ್ನು ಅದು ಗುಣಪಡಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ಉಸಿರು ನಿಧಾನವಾದರೆ ಮೈ ಸಡಿಲವಾಗುತ್ತದೆ, ಗುನುಗಿನ ಕಂಪನ ಕಿವಿಯ ಸದ್ದನ್ನು ಆ ಹೊತ್ತಿಗೆ ಹಿಂದಕ್ಕೆ ತಳ್ಳುತ್ತದೆ. ಮಲಗುವ ಮುಂಚೆ ಐದು ನಿಮಿಷ ಮಾಡಿ, ನಷ್ಟವಿಲ್ಲ. ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಒತ್ತುವುದು ಮಾತ್ರ ಬೇಡ.

ಆರನೆಯದು: ಸದ್ದಿನ ಬಗೆಗಿನ ಯೋಚನೆಯನ್ನು ಹಿಡಿಯುವುದು

ಟಿನ್ನಿಟಸ್ಸಿಗೆ ಅತಿ ಗಟ್ಟಿ ಪುರಾವೆ ಇರುವ ಚಿಕಿತ್ಸೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಎಂಬ ಸಂಸ್ಥೆ 28 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2020ರಲ್ಲಿ ಮಾಡಿದ ಪರಿಶೀಲನೆಯೂ ಇದರಿಂದ ಬದುಕಿನ ಮೇಲಿನ ಹೊಡೆತ ಕಡಿಮೆಯಾಗುತ್ತದೆ ಅಂತಲೇ ಹೇಳಿತು. ಸದ್ದಿನ ಜೋರು ಇಳಿಯುತ್ತದೆ ಅಂತಲ್ಲ, ಅದರ ಕಾಟ ಇಳಿಯುತ್ತದೆ ಅಂತ. 'ನನಗೇನು ಮಾನಸಿಕ ಕಾಯಿಲೆಯಾ?' ಅಂತ ಕೇಳಬೇಡಿ. ಹಳೇ ಸೊಂಟನೋವಿಗೂ ಇದೇ ಚಿಕಿತ್ಸೆ ಕೊಡುತ್ತಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕರೆ ಅವರ ಜೊತೆ ಮಾಡುವುದೇ ಒಳ್ಳೆಯದು. ಸಿಗುವವರೆಗೆ ಮನೆಯಲ್ಲೇ ಶುರು ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಸದ್ದು ಕಾಡಿದ ಹೊತ್ತು ಮತ್ತು ಜಾಗ. ಎರಡನೆಯದರಲ್ಲಿ ಆಗ ಮನಸ್ಸಿನಲ್ಲಿ ಬಂದ ಮಾತು, ಬಂದ ಹಾಗೆಯೇ: 'ಇದು ಹೀಗೇ ಏರುತ್ತಾ ಹೋಗಿ ನಾನು ಪೂರ್ತಿ ಕಿವುಡ ಆಗ್ತೀನಿ.' ಮೂರನೆಯದರಲ್ಲಿ ಅದಕ್ಕೆ ನಿಜವಾದ ಉತ್ತರ: 'ಆಡಿಯೋಮೆಟ್ರಿ ಹೋದ ವರ್ಷದಂತೆಯೇ ಇದೆ. ಟಿನ್ನಿಟಸ್ ಕಿವುಡು ತರುವುದಿಲ್ಲ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಇದು ನೆನಪಿಗೇ ಬರಲಿಲ್ಲ.' ಮೂರನೇ ಕಾಲಂನಲ್ಲಿ ಸಮಾಧಾನದ ಮಾತು ಬರೆಯಬೇಡಿ, ನಡೆದ ಸಂಗತಿ ಬರೆಯಿರಿ. ಮನಸ್ಸು ಬರೀ ಸಮಾಧಾನವನ್ನು ನಂಬುವುದಿಲ್ಲ.

ಗಮನ ತಿರುಗಿಸುವುದೂ ಕಲಿತರೆ ಬರುವ ವಿದ್ಯೆ. ಕೂತು ಒಂದು ನಿಮಿಷ ಕಿವಿಯ ಸದ್ದನ್ನು ಕೇಳಿ. ಮುಂದಿನ ನಿಮಿಷ ಬೀದಿಯ ಸದ್ದಿಗೆ ಕಿವಿಗೊಡಿ: ಸೊಪ್ಪಿನವರ ಕೂಗು, ಆಟೋ, ಪಕ್ಕದ ಮನೆಯ ಮಿಕ್ಸಿ. ಆಮೇಲೆ ಅಂಗಾಲು ನೆಲಕ್ಕೆ ತಾಗಿದ್ದರ ಕಡೆ. ಮತ್ತೆ ಕಿವಿಗೆ. ಗಮನವನ್ನು ಬೇಕಾದ ಕಡೆ ಕೊಂಡೊಯ್ಯಬಹುದು ಅಂತ ಒಮ್ಮೆ ಗೊತ್ತಾದರೆ ಭಯ ತಗ್ಗುತ್ತದೆ.

ಮನೆಯವರಿಗೂ ಒಂದು ಮಾತು. 'ನಮಗೇನೂ ಕೇಳಿಸ್ತಿಲ್ಲ, ಸುಮ್ನೆ ಏನೋ ಕಲ್ಪಿಸಿಕೊಳ್ತೀರ' ಅನ್ನುವುದು ನೋವು ಕೊಡುತ್ತದೆ. ಆದರೆ ದಿನಾ 'ಅಪ್ಪಾ, ಇವತ್ತು ಕಿವಿ ಸದ್ದು ಹೇಗಿದೆ?' ಅಂತ ಅಕ್ಕರೆಯಿಂದ ಕೇಳುವುದೂ ಒಳ್ಳೆಯದಲ್ಲ. ಮರೆತಿದ್ದವರಿಗೆ ನೆನಪಿಸಿದ ಹಾಗಾಗುತ್ತದೆ. ಅದರ ಬದಲು 'ಬನ್ನಿ ಅಪ್ಪಾ, ಪೇಟೆಗೆ ಹೋಗಿ ತರಕಾರಿ ತರೋಣ' ಅನ್ನಿ.

ಏಳನೆಯದು: ಉಳಿದಿರುವ ಕೇಳಿಸುವಿಕೆಯನ್ನು ಕಾಪಾಡಿ

85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಅಂತ ಒಂದು ಮಿತಿ ಇದೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಡೆಸಿಬಲ್‌ಗೆ ಬರೀ 15 ನಿಮಿಷ. ಗಣೇಶನ ಮೆರವಣಿಗೆಯ ಡಿಜೆ ಬಾಕ್ಸಿನ ಮುಂದೆ ಕುಣಿಯುವವರು ಎಷ್ಟು ಹೊತ್ತು ಇರುತ್ತಾರೆ ಅಂತ ನೀವೇ ಲೆಕ್ಕ ಹಾಕಿ. ಕಿವಿಯ ಹತ್ತಿರ ಸಿಡಿದ ಒಂದೇ ಪಟಾಕಿ ಜೀವನಪೂರ್ತಿ ಉಳಿಯುವ ಸದ್ದು ಕೊಡಬಲ್ಲದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಿಯಮ ಪುಸ್ತಕದಲ್ಲಿದೆ, ಬಾಕ್ಸು ಬೀದಿಯಲ್ಲಿದೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಅಗ್ಗ, ಆದರೆ ಹಾಕುವ ಕ್ರಮ ಗೊತ್ತಿರಬೇಕು. ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ, ಅದು ಉಬ್ಬಿ ಕೂರುತ್ತದೆ. ನಿಮ್ಮ ದನಿ ನಿಮಗೇ ಕೊಡದೊಳಗಿನಿಂದ ಬಂದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ. ಹತ್ತಿ ಉಂಡೆಯಿಂದ ಈ ಕೆಲಸ ಆಗುವುದಿಲ್ಲ.

ದುಡ್ಡು ಎಲ್ಲಿ ಸುರಿಯಬಾರದು

'21 ದಿನದಲ್ಲಿ ಗ್ಯಾರಂಟಿ ಗುಣ' ಅನ್ನುವ ಜಾಹೀರಾತನ್ನು ನಂಬಬೇಡಿ, ಯಾವ ಪದ್ಧತಿಯವರು ಹಾಕಿದ್ದರೂ ಸರಿ. ಗಿಂಕೋ (ಒಂದು ಮರದ ಎಲೆಯ ಸಾರ), ಜಿಂಕ್, ಮೆಲಟೋನಿನ್ ಮಾತ್ರೆಗಳನ್ನು ಟಿನ್ನಿಟಸ್ಸಿಗೆ ಶಿಫಾರಸು ಮಾಡುವುದಿಲ್ಲ ಅಂತ ಅಮೆರಿಕದ ಕಿವಿ ಮೂಗು ಗಂಟಲು ತಜ್ಞರ ಅಕಾಡೆಮಿ 2014ರಲ್ಲೇ ಹೇಳಿದೆ. ತಲೆಸುತ್ತಿಗೆ ಕೊಡುವ ಬೀಟಾಹಿಸ್ಟೀನನ್ನು ಬರೀ ಟಿನ್ನಿಟಸ್ಸಿಗೆ ಕೊಡಬೇಡಿ ಅಂತ ಬ್ರಿಟನ್ನಿನ 2020ರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಅದು ಎಷ್ಟು ಚೀಟಿಗಳಲ್ಲಿ ಇರುತ್ತದೆ ಅಂತ ನಿಮ್ಮ ಚೀಟಿ ತೆಗೆದು ನೋಡಿ. ಯಾಕೆ ಕೊಟ್ಟಿದ್ದೀರಿ ಅಂತ ಡಾಕ್ಟರನ್ನು ವಿನಯದಿಂದ ಕೇಳಬಹುದು, ತಪ್ಪೇನಿಲ್ಲ. ಬಿ12, ಕಬ್ಬಿಣಾಂಶದ ಮಾತ್ರೆ ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದದ್ದು. ಅಜ್ಜಿಯರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಹೋಗಿ ಸೋಂಕು ಮಾಡುತ್ತದೆ. ಕರಾವಳಿಯ ತೇವದಲ್ಲಿ ಎಣ್ಣೆ ಕೂತ ಕಿವಿಯಲ್ಲಿ ಫಂಗಸ್ ಬೆಳೆಯುವುದೂ ಸುಲಭ. ಮೇಣದ ಬತ್ತಿಯನ್ನು ಕಿವಿಗಿಟ್ಟು ಹಚ್ಚುವ ಚಿಕಿತ್ಸೆಯಂತೂ ಸುಡುವ ಅಪಾಯ ಬಿಟ್ಟರೆ ಬೇರೇನೂ ಕೊಡುವುದಿಲ್ಲ.

ಕಾಫಿ ಬಿಡಬೇಕಾ? ಇದು ಎಲ್ಲರ ಪ್ರಶ್ನೆ. ಬಿಡಬೇಕು ಅನ್ನಲು ಪುರಾವೆ ಇಲ್ಲ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಕೆಫೀನ್ ಹೆಚ್ಚು ಸೇವಿಸುವ ಮಹಿಳೆಯರಲ್ಲಿ ಟಿನ್ನಿಟಸ್ ಕಡಿಮೆಯೇ ಕಂಡಿತ್ತು. ಬೆಳಗಿನ ಫಿಲ್ಟರ್ ಕಾಫಿ ಇರಲಿ, ಸಂಜೆಯ ಮೇಲಿನದನ್ನು ನಿದ್ದೆಗೋಸ್ಕರ ಬಿಡಿ. ಉಪ್ಪು ಕಡಿಮೆ ಮಾಡಿ ಅನ್ನುವುದು ಮುಖ್ಯವಾಗಿ ಮೆನಿಯೇರ್ಸ್ ಕಾಯಿಲೆ ಇರುವವರಿಗೆ, ಅಂದರೆ ತಲೆ ತಿರುಗುವುದು, ಕಿವಿ ಕಟ್ಟಿದಂತಾಗುವುದು, ಗುಂಯ್ ಸದ್ದು ಎಲ್ಲ ಒಟ್ಟಿಗೆ ಅಲೆಯಾಗಿ ಬರುವವರಿಗೆ. ಬಿಪಿ ಇರುವವರಿಗೆ ಹೇಗೂ ಉಪ್ಪು ಕಡಿಮೆಯೇ ಇರಬೇಕು.

ಹಲ್ಲು ಕಚ್ಚಿದಾಗ, ದವಡೆ ಮುಂದೆ ತಂದಾಗ, ಕತ್ತು ತಿರುಗಿಸಿದಾಗ ನಿಮ್ಮ ಸದ್ದು ಬದಲಾಗುತ್ತದೆಯೇ? ಈಗಲೇ ಮಾಡಿ ನೋಡಿ. ಬದಲಾದರೆ, ಅದರಲ್ಲೂ ಬೆಳಿಗ್ಗೆ ಎದ್ದಾಗ ದವಡೆ ನೋಯುತ್ತಿದ್ದರೆ, ದಂತವೈದ್ಯರಿಗೂ ಫಿಸಿಯೋಥೆರಪಿಸ್ಟ್‌ಗೂ ಒಮ್ಮೆ ತೋರಿಸಿ. ರಾತ್ರಿ ಹಲ್ಲು ಕಡಿಯುವವರಿಗೆ ಹಾಕುವ ಗಾರ್ಡ್, ಕುತ್ತಿಗೆಯ ವ್ಯಾಯಾಮ ಇಂಥವರಲ್ಲಿ ಕೆಲವರಿಗೆ ಅನುಕೂಲ ಮಾಡಿದೆ.

ಮಧ್ಯೆ ಮಧ್ಯೆ ಸದ್ದು ಏರುವ ದಿನಗಳು ಬರುತ್ತವೆ. ಜ್ವರ, ನೆಗಡಿ, ನಿದ್ದೆಗೆಟ್ಟ ಬಸ್ ಪ್ರಯಾಣ, ಮನೆಯ ಚಿಂತೆ ಏನು ಬೇಕಾದರೂ ಕಾರಣವಾಗಬಹುದು. ಆ ದಿನಗಳಲ್ಲಿ ಹೊಸ ಔಷಧಿ ಹುಡುಕಬೇಡಿ. ಹೊರಗಿನ ಸದ್ದನ್ನು ತುಸು ಏರಿಸಿ, ಕೆಲಸ ಮಾಮೂಲಿನಂತೆ ಮಾಡಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹಳೇ ಮಟ್ಟಕ್ಕೆ ಬರುತ್ತದೆ. ಬಾರದಿದ್ದರೆ, ಅಥವಾ ಎರಡೂ ಕಿವಿಯಲ್ಲಿದ್ದದ್ದು ಒಂದೇ ಕಿವಿಯಲ್ಲಿ ಉಳಿದರೆ, ಮಾತು ಕೇಳಿಸುವುದು ಮೊದಲಿಗಿಂತ ಕಡಿಮೆಯಾದರೆ, ಹಳೇ ಚಾರ್ಟ್ ಹಿಡಿದುಕೊಂಡು ಮತ್ತೊಮ್ಮೆ ಆಡಿಯೋಮೆಟ್ರಿ ಮಾಡಿಸಿ. ಸದ್ದಿನ ಜಾಗದಲ್ಲಿ ಕೆಲಸ ಮಾಡುವವರಾದರೆ ಏನೂ ಆಗದಿದ್ದರೂ ವರ್ಷಕ್ಕೊಮ್ಮೆ.